ಮಗ್ಗದ ಮೇಷ್ಟ್ರು ಗುಂಟಾ ಸ್ಟೋಲ್ಟ್ಸಲ್

(ಸಭೆಯಲ್ಲಿ ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದದ್ದು. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವನ್ನು ಮಾತಿನಲ್ಲೇ ಕಾಣಿಸಲು ಯತ್ನಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಎರಡು ಕುಣಿಮಗ್ಗ ಇದ್ದವು. ನಮ್ಮ ಆಯಿ ಬೆಳಿಗ್ಗೆ ಚಹಾ ಕುಡಿದು ರಾಟಿ ಮುಂದೆ ಕೂತಳೆಂದರೆ ಮಧ್ಯಾಹ್ನದವರೆಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಅವ್ವ ಲಡಿ ಬಿಚ್ಚುತ್ತಿದ್ದಳು, ಹಾಸಿನ (ಉದ್ದಕ್ಕೆ ಎಳೆದು ಕಟ್ಟುವ) ನೂಲಿಗೆ ಗಂಜಿ ಹಚ್ಚುತ್ತಿದ್ದಳು, ಕಡಿದ ಎಳೆ ಹುಡುಕಿ ಹೊಸೆಯುತ್ತಿದ್ದಳು. ಕುಣಿಯೊಳಗೆ ಕಾಲಿಳಿಬಿಟ್ಟು ಲಾಳಿ ಎಸೆಯುತ್ತಿದ್ದವರು ಮಾತ್ರ ಅಪ್ಪ ಮತ್ತು ಕಾಕಾ. ಸೀರೆ ಮುಗಿದಾಗ ‘ಇದನ್ನ ಯಾರು ನೇಯ್ದರು’ ಅಂತ ಯಾರಾದರೂ ಕೇಳಿದರೆ ಅಪ್ಪನ ಹೆಸರೇ ಬರುತ್ತಿತ್ತು. ಆಯಿಗೆ ಅದರ ಬಗ್ಗೆ ಬೇಸರವಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಕೇಳಬೇಕಿತ್ತು.

ಇಂದು ನಾನು ಮಾತಾಡುವ ಹೆಂಗಸಿನ ಕಥೆ ಇದಕ್ಕೆ ತಿರುಗುಮುರುಗು. ಜರ್ಮನಿಯ ಒಂದು ಕಲಾಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಬಾಗಿಲುಗಳನ್ನೆಲ್ಲ ಬಹುಮಟ್ಟಿಗೆ ಮುಚ್ಚಿ ‘ನೀವು ಮಗ್ಗಕ್ಕೆ ಹೋಗಿ’ ಎಂದರು. ಅವಳು ಹೋದಳು. ಮೂಲೆಗೆ ತಳ್ಳಿದ ಆ ಕೋಣೆಯನ್ನು ಆ ಶಾಲೆಯ ಅತಿ ಗಟ್ಟಿ ಪಾಠಶಾಲೆ ಮಾಡಿದಳು. ಹೆಸರು ಗುಂಟಾ ಸ್ಟೋಲ್ಟ್ಸಲ್.

ಹುಟ್ಟಿದ್ದು 1897ರ ಮಾರ್ಚ್ 5, ಮ್ಯೂನಿಕ್ ನಗರದಲ್ಲಿ. ಬಣ್ಣದ ನೂಲಿನ ನಂಟಿರುವವರಿಗೆ 1897 ಇನ್ನೊಂದು ಕಾರಣಕ್ಕೂ ನೆನಪಿರಬೇಕು. ಜರ್ಮನಿಯ ಬಿಎಎಸ್‌ಎಫ್ ಕಂಪನಿ ರಾಸಾಯನಿಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟದ್ದು ಅದೇ ವರ್ಷ. ಬಂಗಾಳ, ಬಿಹಾರದ ನೀಲಿ ಬೆಳೆಯ ವ್ಯಾಪಾರ ಕುಸಿದದ್ದು ಅದರಿಂದ. ಹೀಗೆ ಬಣ್ಣದ ಲೋಕವೇ ಅಡಿಮೇಲಾಗುತ್ತಿದ್ದ ಹೊತ್ತಿಗೆ ಹುಟ್ಟಿದ ಹುಡುಗಿ ಇವಳು. 1914ರಲ್ಲಿ ಮ್ಯೂನಿಕ್‌ನ ಕರಕುಶಲ ಕಲಾಶಾಲೆ ಸೇರಿ ಗಾಜಿನ ಮೇಲಿನ ಚಿತ್ರ, ಮಣ್ಣಿನ ಪಾತ್ರೆ, ಅಲಂಕಾರ ಕಲೆ ಕಲಿತಳು. ನಡುವೆ ಮಹಾಯುದ್ಧ. ರೆಡ್‌ಕ್ರಾಸ್ ದಾದಿಯಾಗಿ ಯುದ್ಧದ ಕೊನೆಯವರೆಗೆ ಗಾಯಾಳುಗಳ ಸೇವೆ ಮಾಡಿದಳು. ಮರಳಿ ಬಂದವಳಿಗೆ ಹಳೆಯ ಶಾಲೆ ರುಚಿಸಲಿಲ್ಲ.

1919ರ ಏಪ್ರಿಲ್‌ನಲ್ಲಿ ವೈಮರ್ ಎಂಬ ಊರಲ್ಲಿ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ಬೌಹೌಸ್ ಶಾಲೆ ತೆರೆದರು. ಕಲಾವಿದ ಬೇರೆ, ಕುಶಲಕರ್ಮಿ ಬೇರೆ ಎಂಬ ಗೋಡೆ ಬೇಡ, ಎಲ್ಲರೂ ಕೈಕೆಲಸ ಕಲಿಯಬೇಕು ಎಂಬುದು ಅವರ ಕರೆ. ಹೆಣ್ಣು ಗಂಡೆಂಬ ಭೇದವಿಲ್ಲ ಎಂದೂ ಸಾರಿದರು. ಆಗಷ್ಟೇ ಜರ್ಮನಿಯ ಹೆಂಗಸರಿಗೆ ಮತದಾನದ ಹಕ್ಕು ಬಂದಿತ್ತು. ಕರೆಯನ್ನು ನಂಬಿ ಹೆಣ್ಣುಮಕ್ಕಳು ಬಂದೇ ಬಂದರು, ಗುಂಟಾ ಕೂಡ. ಮೊದಲ ಅವಧಿಯಲ್ಲಿ ಹೆಣ್ಣುಮಕ್ಕಳು 84, ಗಂಡುಮಕ್ಕಳು 79.

ಇಷ್ಟು ಜನ ಬರುತ್ತಾರೆಂದು ಮೇಷ್ಟ್ರುಗಳು ಎಣಿಸಿರಲಿಲ್ಲ. ಇಷ್ಟೊಂದು ಹೆಂಗಸರಿದ್ದರೆ ಶಾಲೆಯನ್ನು ಜನ ಹಗುರವಾಗಿ ಕಾಣುತ್ತಾರೆ ಎಂಬ ಅಳುಕು ಶುರುವಾಯಿತು. ಮರಗೆಲಸ, ಲೋಹ, ಗೋಡೆಚಿತ್ರ ಇವು ‘ಭಾರದ ಕೆಲಸ’ ಎನಿಸಿಕೊಂಡವು. 1920ರಲ್ಲಿ ಹೆಣ್ಣುಮಕ್ಕಳಿಗೆಂದೇ ಒಂದು ತರಗತಿ ಆಯಿತು. ಅದು ಬೇಗನೆ ನೇಯ್ಗೆಯ ಕಾರ್ಯಶಾಲೆಯೊಳಗೆ ಕರಗಿಹೋಯಿತು. ಆ ತರಗತಿ ಬೇಕೆಂದು ಮುಂದೆ ಬಂದವರಲ್ಲಿ ಗುಂಟಾ ಕೂಡ ಇದ್ದಳು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ನೇಯ್ಗೆ ಮುಖ್ಯವಾಗಿ ಹೆಂಗಸಿನ ಕ್ಷೇತ್ರ ಎಂದು 1926ರಲ್ಲೂ ಅವಳು ಬರೆದಿದ್ದಾಳೆ. ಇಂದು ಅದನ್ನು ಓದಿದರೆ ಕಸಿವಿಸಿಯಾಗುತ್ತದೆ. ಆದರೆ ಬರೆದದ್ದನ್ನೂ ಮಾಡಿದ್ದನ್ನೂ ಒಟ್ಟಿಗೆ ನೋಡಬೇಕು. ಅವಳು ಮಾಡಿದ್ದು ಬರೆದದ್ದಕ್ಕಿಂತ ಬಹಳ ಮುಂದೆ ಹೋಯಿತು.

ಆ ಕೋಣೆಗೆ ಮನಸ್ಸಿಲ್ಲದೆ ಬಂದವರೇ ಹೆಚ್ಚು. ಆನಿ ಆಲ್ಬರ್ಸ್‌ಗೆ ಗಾಜಿನ ಕೆಲಸದ ಆಸೆಯಿತ್ತು. ಗೆರ್ಟ್ರೂಡ್ ಆರ್ನ್ಟ್ ಕಟ್ಟಡ ಕಟ್ಟುವ ಕನಸು ಹೊತ್ತು ಬಂದವಳು. ಇಬ್ಬರೂ ಕಡೆಗೆ ಮಗ್ಗದ ಮುಂದೆ ಕೂತರು. ಮೇಷ್ಟ್ರುಗಳಲ್ಲಿ ಒಬ್ಬರಾದ ಆಸ್ಕರ್ ಶ್ಲೆಮರ್, ಉಣ್ಣೆ ಇದ್ದಲ್ಲಿ ಹೊತ್ತು ಕಳೆಯಲಾದರೂ ನೇಯುವ ಹೆಂಗಸೊಬ್ಬಳು ಇದ್ದೇ ಇರುತ್ತಾಳೆ ಎಂಬರ್ಥದ ಪ್ರಾಸ ಕಟ್ಟಿದ್ದರಂತೆ. ಒಂದು ಇಡೀ ವಿದ್ಯೆಯನ್ನು ಹೊತ್ತು ಕಳೆಯುವ ಚಟ ಎಂದು ಕರೆದ ಆ ಮಾತು ನನಗೆ ಈಗಲೂ ಚುಚ್ಚುತ್ತದೆ.

ಇನ್ನೊಂದು ಸಂಗತಿ ಕೇಳಿ. ಆ ಕೋಣೆಯಲ್ಲಿ ಕಲಿಸಲು ಬಲ್ಲವರೇ ಇರಲಿಲ್ಲ. ಬೌಹೌಸ್‌ನಲ್ಲಿ ಪ್ರತಿ ಕಾರ್ಯಶಾಲೆಗೆ ಇಬ್ಬರು ಗುರುಗಳು. ರೂಪದ ಗುರು ಚಿತ್ರಕಾರ, ಕಸುಬಿನ ಗುರು ಕೈಕೆಲಸ ಬಲ್ಲವರು. ನೇಯ್ಗೆಗೆ ರೂಪದ ಗುರುವಾಗಿ ಬಂದ ಗೇಯೋರ್ಗ್ ಮುಖೆಗೆ ಎಳೆಯ ಮೇಲೆ ಅಂಥ ಒಲವಿರಲಿಲ್ಲ. ಕಸುಬಿನ ಗುರು ಹೆಲೆನೆ ಬೋರ್ನರ್ ಹಿಂದಿನ ಶಾಲೆಯಿಂದ ಉಳಿದು ಬಂದವರು. ಮಗ್ಗಗಳೂ ಅವರ ಸ್ವಂತದ್ದೇ. ಆದರೆ ಅವರಿಗೆ ಗೊತ್ತಿದ್ದದ್ದು ಹಳೆಯ ಕಾಲದ ಕೈಕೆಲಸ. ಹಾಗಾಗಿ ಹುಡುಗಿಯರು ತಾವೇ ಕಟ್ಟಿ, ತಾವೇ ಬಿಚ್ಚಿ, ತಪ್ಪಿ, ಮತ್ತೆ ಕಟ್ಟಿ ಕಲಿತರು. ಎಳೆ ಕಡಿದರೆ ಯಾಕೆ ಕಡಿಯಿತು, ಅಂಚು ಒಳಗೆ ಸೇದಿಕೊಂಡರೆ ಯಾಕೆ ಹಾಗಾಯಿತು? ನಮ್ಮ ಮನೆಗಳಲ್ಲಾದರೆ ಅಪ್ಪನೋ ಕಾಕಾನೋ ಒಂದು ಮಾತಲ್ಲಿ ಹೇಳಿಬಿಡುವುದನ್ನು ಅವರು ವಾರಗಟ್ಟಲೆ ಹುಡುಕಿದರು.

ಗುಂಟಾ ಅಷ್ಟಕ್ಕೇ ನಿಲ್ಲಲಿಲ್ಲ. 1922ರಲ್ಲಿ ಗೆಳತಿ ಬೆನಿಟಾ ಓಟ್ಟೆ ಜೊತೆ ರೇಷ್ಮೆ ನೇಯ್ಗೆಗೆ ಹೆಸರಾದ ಕ್ರೇಫೆಲ್ಡ್ ಊರಿಗೆ ಹೋಗಿ ಬಣ್ಣ ಹಾಕುವುದನ್ನು ಕಲಿತಳು. ಬೇರು ತೊಗಟೆಗಳ ಬಣ್ಣ, ರಾಸಾಯನಿಕ ಬಣ್ಣ ಎರಡನ್ನೂ. ಮರಳಿ ಬಂದು ಶಾಲೆಯಲ್ಲಿ ಪಾಳುಬಿದ್ದಿದ್ದ ಬಣ್ಣದ ಮನೆಗೆ ಮತ್ತೆ ಒಲೆ ಹಚ್ಚಿದರು. 1924ರಲ್ಲಿ ಮತ್ತೆ ಕ್ರೇಫೆಲ್ಡ್‌ಗೆ ಹೋಗಿ ಈ ಸಲ ನೇಯ್ಗೆಯ ಕಟ್ಟು (ಎಳೆಗಳು ಒಂದರೊಳಗೊಂದು ಹೆಣೆದುಕೊಳ್ಳುವ ಬಗೆ), ನೂಲಿನ ಗುಣ ಇವುಗಳ ಶಾಸ್ತ್ರ ಕಲಿತು ಬಂದಳು. ಕಲಿತದ್ದನ್ನೆಲ್ಲ ಜೊತೆಯವರಿಗೆ ಹಂಚಿದಳು. ಅವಳೊಳಗಿನ ಮೇಷ್ಟ್ರು ಹುಟ್ಟಿದ್ದು ಅಲ್ಲಿ. ಹುದ್ದೆ ಸಿಕ್ಕಿದ್ದು ಆಮೇಲೆ.

ಇಲ್ಲಿ ಒಂದು ಕುರ್ಚಿ ತೋರಿಸುತ್ತೇನೆ. 1921ರಲ್ಲಿ ಮಾರ್ಸೆಲ್ ಬ್ರಾಯರ್ ಎಂಬ ವಿದ್ಯಾರ್ಥಿ ಮರದ ಚೌಕಟ್ಟು ಮಾಡಿದ. ಮುಂದೆ ಉಕ್ಕಿನ ಕೊಳವೆಯ ಕುರ್ಚಿಗಳಿಂದ ಜಗತ್ತಿಗೆಲ್ಲ ಪರಿಚಯವಾದ ಬ್ರಾಯರ್ ಇವನೇ. ಎತ್ತರದ ಬೆನ್ನಿನ, ಸಿಂಹಾಸನದಂಥ ಈ ಕುರ್ಚಿಯ ಮರವನ್ನು ಒರಟಾಗಿ ಕೆತ್ತಿ ಬಣ್ಣ ಬಳಿದಿದ್ದಾರೆ. ಬಟ್ಟೆಯನ್ನು ಬೇರೆ ನೇಯ್ದು ತಂದು ಮೊಳೆ ಹೊಡೆದದ್ದಲ್ಲ. ಗುಂಟಾ ಆ ಮರದ ಚೌಕಟ್ಟನ್ನೇ ಮಗ್ಗ ಮಾಡಿಕೊಂಡಳು. ಹಾಸಿನ ಎಳೆಗಳನ್ನು ಚೌಕಟ್ಟಿಗೇ ಬಿಗಿದು, ನಡುವೆ ಹೊಕ್ಕಿನ (ಅಡ್ಡಕ್ಕೆ ಹೋಗುವ) ಎಳೆ ಆಡಿಸಿ, ಕುರ್ಚಿಯ ಮೇಲೆಯೇ ಬಟ್ಟೆ ಹುಟ್ಟಿಸಿದಳು. ಮರ ಎಲ್ಲಿ ಮುಗಿಯಿತು, ನೂಲು ಎಲ್ಲಿ ಶುರುವಾಯಿತು ಎಂದು ಬೇರೆ ಮಾಡಿ ಹೇಳಲಾಗದು. ಇದನ್ನು ಆಫ್ರಿಕನ್ ಕುರ್ಚಿ ಎನ್ನುತ್ತಾರೆ. ಎಂಬತ್ತು ವರ್ಷ ಇದರ ಒಂದು ಕಪ್ಪುಬಿಳುಪು ಫೋಟೋ ಮಾತ್ರ ಎಲ್ಲರ ಮುಂದಿತ್ತು, ಕುರ್ಚಿ ಕಳೆದೇ ಹೋಯಿತೆಂದುಕೊಂಡಿದ್ದರು. 2004ರಲ್ಲಿ ಸಿಕ್ಕಿತು. ಈಗ ಬರ್ಲಿನ್‌ನ ಬೌಹೌಸ್ ಸಂಗ್ರಹದಲ್ಲಿದೆ.

1925ರಲ್ಲಿ ಶಾಲೆ ವೈಮರ್ ಬಿಟ್ಟು ಡೆಸ್ಸೌಗೆ ಹೋಯಿತು. ಗುಂಟಾ ಅದಕ್ಕೆ ಮುಂಚೆ ಕೆಲಕಾಲ ಸ್ವಿಟ್ಜರ್ಲೆಂಡಿನ ಹೆರ್ಲಿಬೆರ್ಗ್‌ನಲ್ಲಿ ಹಳೆಯ ಗುರು ಯೋಹಾನೆಸ್ ಇಟ್ಟನ್ ಅವರಿಗಾಗಿ ನೇಯ್ಗೆಯ ಕಾರ್ಯಶಾಲೆ ಕಟ್ಟಿಕೊಡಲು ಹೋಗಿದ್ದಳು. ಡೆಸ್ಸೌಗೆ ಕಸುಬಿನ ಗುರುವಾಗಿ ಮರಳಿದಳು. ಮುಖೆ ಇನ್ನೂ ರೂಪದ ಗುರು. ಅವರು ಯಾರನ್ನೂ ಕೇಳದೆ ತೂತಿನ ರಟ್ಟಿನ ನೆರವಿನಿಂದ ವಿನ್ಯಾಸ ನೇಯುವ ದುಬಾರಿ ಜಾಕಾರ್ಡ್ ಮಗ್ಗಗಳನ್ನು ತರಿಸಿದರು. ಕೆಲಸ ಮಾಡುವವರನ್ನು ಕೇಳದೆ ಸಾಮಾನು ತಂದರೆ ಸಿಟ್ಟು ಬಾರದೆ ಇರುತ್ತದೆಯೇ? ವಿದ್ಯಾರ್ಥಿನಿಯರು ಎದ್ದು ನಿಂತರು, ಇವರು ನಮಗೆ ಬೇಡ ಎಂದರು. 1927ರಲ್ಲಿ ಮುಖೆ ಹೊರಟರು. ಇಡೀ ಕಾರ್ಯಶಾಲೆ ಗುಂಟಾ ಕೈಗೆ ಬಂತು. ಹೀಗೆ ಅವಳು ಬೌಹೌಸ್‌ನ ‘ಮೈಸ್ಟರ್’ ಆದಳು. ಜರ್ಮನ್ನರ ಮೈಸ್ಟರ್ ಎಂಬ ಮಾತೂ ನಮ್ಮ ಮೇಷ್ಟ್ರು ಎಂಬ ಮಾತೂ ಹಿಂದಕ್ಕೆ ಹೋದರೆ ಒಂದೇ ಬೇರಿನವು, ಅದಕ್ಕೇ ಇಂದಿನ ಮಾತಿಗೆ ನಾನು ಈ ಹೆಸರಿಟ್ಟದ್ದು. ಅವಳ ಶಾಲೆಯ ಗುರುತಿನ ಚೀಟಿಯೊಂದು ಉಳಿದಿದೆ. ಅದರಲ್ಲಿ ಅಚ್ಚಾಗಿದ್ದ ‘ವಿದ್ಯಾರ್ಥಿ’ ಎಂಬ ಪದವನ್ನು ಹೊಡೆದುಹಾಕಿ ಮೈಸ್ಟರ್ ಎಂದು ಬರೆದಿದ್ದಾರೆ. ಸಂಬಳ ಮಾತ್ರ ಗಂಡಸು ಮೇಷ್ಟ್ರುಗಳಿಗಿಂತ ಕಡಿಮೆ, ಕರಾರೂ ಅವರಷ್ಟು ಭದ್ರವಲ್ಲ. ಕೆಲಸವಂತೂ ಎರಡು ಪಟ್ಟು.

ಈಗ ಅವಳು ಏನು ಕಲಿಸಿದಳು ಎಂಬುದಕ್ಕೆ ಬರುತ್ತೇನೆ. ನನ್ನ ಮಾತಿನ ತಿರುಳು ಇದೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವೈಮರ್‌ನ ವರ್ಷಗಳಲ್ಲಿ ಅವರು ನೇಯುತ್ತಿದ್ದದ್ದು ಚಿತ್ರಗಳನ್ನು. ಚಿತ್ರಕಾರ ಬಣ್ಣದಲ್ಲಿ ಮಾಡುವುದನ್ನು ಇವರು ಉಣ್ಣೆಯಲ್ಲಿ ಮಾಡುತ್ತಿದ್ದರು. ಒಂದೊಂದೂ ಒಂದೇ ಒಂದು, ಗೋಡೆಗೆ ತೂಗುಹಾಕಲು. ಸೊಗಸಾಗಿದ್ದವು, ಅನುಮಾನವಿಲ್ಲ. ಆದರೆ ಎಷ್ಟು ದಿನ ಚಿತ್ರಕಾರನ ಬೆನ್ನ ಹಿಂದೆ ನಡೆಯುವುದು? ಡೆಸ್ಸೌಗೆ ಬಂದ ಮೇಲೆ ಗುಂಟಾ ಪ್ರಶ್ನೆಯನ್ನೇ ತಿರುಗಿಸಿದಳು. ಬಟ್ಟೆಯ ಮೇಲೆ ಏನು ಚಿತ್ರ ಬರೆಯಬೇಕು ಎಂದು ಕೇಳುವುದನ್ನು ಬಿಟ್ಟು, ಈ ಬಟ್ಟೆ ಎಲ್ಲಿ ಇರುತ್ತದೆ, ಏನು ಕೆಲಸ ಮಾಡುತ್ತದೆ ಎಂದು ಕೇಳಿಸಿದಳು. ಕಿಟಕಿಯ ಪರದೆಯಾದರೆ ಬೆಳಕು ಎಷ್ಟು ಬಿಡಬೇಕು? ಕುರ್ಚಿಯ ಹೊದಿಕೆಯಾದರೆ ದಿನವೂ ಕೂತೆದ್ದರೆ ಎಲ್ಲಿ ಸವೆಯುತ್ತದೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಎಳೆಯ ಕಟ್ಟಿನಲ್ಲಿ ಹುಡುಕಬೇಕು, ನೂಲಿನ ಆಯ್ಕೆಯಲ್ಲಿ ಹುಡುಕಬೇಕು. ಹಾಸು ಬಿಗಿಯೋ ಸಡಿಲವೋ, ಹೊಕ್ಕು ದಪ್ಪವೋ ತೆಳುವೋ, ಹೊಳೆಯುವ ಎಳೆಯ ಪಕ್ಕ ಮಂಕು ಎಳೆ ಇಟ್ಟರೆ ಏನಾಗುತ್ತದೆ? ಚೆಲುವು ಅಲ್ಲಿಂದಲೇ ಹುಟ್ಟಬೇಕು, ಮೇಲಿಂದ ಅಂಟಿಸಿದ್ದಾಗಬಾರದು.

ಇದಕ್ಕೆ ತಕ್ಕ ಹಾಗೆ ಪಾಠಕ್ರಮ ಕಟ್ಟಿದಳು. ಕಟ್ಟಿನ ಶಾಸ್ತ್ರ, ನೂಲಿನ ಗುಣ, ಬಣ್ಣ ಹಾಕುವುದು, ವಿನ್ಯಾಸವನ್ನು ಚೌಕುಳಿ ಕಾಗದಕ್ಕೆ ಇಳಿಸುವುದು, ಕೊನೆಗೆ ಒಂದು ಮೀಟರ್ ಬಟ್ಟೆಗೆ ಎಷ್ಟು ಖರ್ಚು ಬಿತ್ತೆಂಬ ಲೆಕ್ಕ. ಒಂದು ಕಡೆ ಕಲಿಯುವವರ ಮಗ್ಗಗಳು, ಇನ್ನೊಂದು ಕಡೆ ಹೊಸದನ್ನು ಪ್ರಯೋಗ ಮಾಡುವ ಕೆಲಸ, ಕಾರ್ಖಾನೆಗೆ ಮಾದರಿ ಸಿದ್ಧಪಡಿಸುವ ಕೆಲಸ. ಚಿತ್ರಕಾರ ಪಾಲ್ ಕ್ಲೇ 1927ರಿಂದ ಈ ಹುಡುಗಿಯರಿಗೆಂದೇ ರೂಪದ ಪಾಠ ಮಾಡಿದರು. ಒಂದು ಚೌಕವನ್ನು ತಿರುಗಿಸುವುದು, ಜರುಗಿಸುವುದು, ಕನ್ನಡಿಯಲ್ಲಿ ಕಂಡಂತೆ ಮಗುಚುವುದು. ಮಗ್ಗದ ಮುಂದೆ ಕೂತವರಿಗೆ ಇದು ನೇರವಾಗಿ ಕೈಗೆ ಬರುವ ವಿದ್ಯೆ. ಮುಖೆ ತರಿಸಿದ್ದ ಜಾಕಾರ್ಡ್ ಮಗ್ಗವನ್ನೂ ಗುಂಟಾ ಸುಮ್ಮನೆ ಬಿಡಲಿಲ್ಲ. ಜಗಳ ಇದ್ದದ್ದು ತಂದ ರೀತಿಯ ಮೇಲೆ, ಯಂತ್ರದ ಮೇಲೆ ಅಲ್ಲ.

ಎರಡು ನೇಯ್ಗೆಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಮೊದಲನೆಯದು 1927-28ರ ಕೆಂಪು-ಹಸಿರು ಸೀಳು ನೇಯ್ಗೆ, ಬರ್ಲಿನ್ ಸಂಗ್ರಹದಲ್ಲಿದೆ. ಹೊಕ್ಕಿನ ಎಳೆ ಬಟ್ಟೆಯ ಉದ್ದಗಲಕ್ಕೂ ಓಡುವುದಿಲ್ಲ. ಕೆಂಪು ತನ್ನ ಜಾಗದ ಗಡಿ ಮುಟ್ಟಿ ಹಿಂದಿರುಗುತ್ತದೆ, ಪಕ್ಕದ ಹಸಿರೂ ಅದೇ ಗಡಿಯಿಂದ ಹಿಂದಿರುಗುತ್ತದೆ. ಎರಡೂ ಒಂದನ್ನೊಂದು ಹಿಡಿದುಕೊಳ್ಳದ ಕಾರಣ ನಡುವೆ ಸಣ್ಣ ಸೀಳು ಉಳಿಯುತ್ತದೆ. ಇಳಕಲ್ ಸೀರೆ ಬಲ್ಲವರಿಗೆ ಇದು ಬೇಗ ಹೊಳೆಯುತ್ತದೆ. ನಮ್ಮವರು ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಬೆಸೆಯುತ್ತಾರೆ, ಇಲ್ಲಿ ಬೆಸೆಯದೆ ಬಿಡುವುದೇ ವಿದ್ಯೆ. ಆ ಸೀಳು ಬೆಳಕಲ್ಲಿ ಸಣ್ಣ ನೆರಳಿನ ಗೆರೆಯಾಗುತ್ತದೆ. ಅಲೆಯಂತೆ ಬಳುಕುವ ಆಕಾರ, ಅದರ ಪಕ್ಕ ಚದುರಂಗದ ಮನೆ, ಅದರ ಪಕ್ಕ ಪಟ್ಟೆ. ಎಲ್ಲವೂ ಬೆರಳಿನಿಂದ, ಎಳೆ ಎಳೆಯಾಗಿ ಆದದ್ದು.

ಎರಡನೆಯದು 1928ರ ‘ಐದು ಕೋರ್’, ಲ್ಯೂಬೆಕ್ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಇದು ಜಾಕಾರ್ಡ್ ನೇಯ್ಗೆ. ತೂತು ಕೊರೆದ ರಟ್ಟು ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಹೇಳುತ್ತದೆ. ಕೋರ್ ಎಂದರೆ ಜರ್ಮನ್‌ನಲ್ಲಿ ಗಾಯಕರ ಮೇಳ, ಜೊತೆಗೆ ನೇಕಾರರ ಮಾತಿನಲ್ಲಿ ಜಾಕಾರ್ಡ್ ಮಗ್ಗದ ದಾರಗಳ ಗುಂಪು. ಮಗ್ಗದ ಅಂಗಾಂಗದ ಹೆಸರನ್ನೇ ಕೃತಿಗೆ ಇಟ್ಟಿದ್ದಾಳೆ. ನಡುಗೆರೆಯ ಎಡಕ್ಕೂ ಬಲಕ್ಕೂ ವಿನ್ಯಾಸ ಕನ್ನಡಿಯಂತೆ ಹರಡುತ್ತದೆ, ಏಕೆಂದರೆ ಆ ಯಂತ್ರದ ಸ್ವಭಾವವೇ ಮರುಕಳಿಸುವುದು. ಮೊದಲನೆಯ ನೇಯ್ಗೆಯಲ್ಲಿ ಕೈ ಏನು ಮಾಡಬಲ್ಲದೋ ಅದೆಲ್ಲ ಇದೆ, ಎರಡನೆಯದರಲ್ಲಿ ಯಂತ್ರ ಏನು ಮಾಡಬಲ್ಲದೋ ಅದೆಲ್ಲ. ಎರಡೂ ಒಬ್ಬಳೇ ಹೆಂಗಸಿನವು, ಹೆಚ್ಚು ಕಡಿಮೆ ಒಂದೇ ಕಾಲದವು. ಕೈಮಗ್ಗವೋ ಯಂತ್ರವೋ ಎಂದು ಗುಂಪು ಕಟ್ಟಿಕೊಂಡು ವಾದ ಮಾಡುವ ನಾವು ಈ ಎರಡನ್ನೂ ಬಹಳ ಹೊತ್ತು ನೋಡಬೇಕು.

ಕಲಿಸಿದ್ದು ಫಲ ಕೊಟ್ಟಿತೇ ಎಂದರೆ ಶಿಷ್ಯೆಯರನ್ನು ನೋಡಿ. ಬರ್ಲಿನ್ ಹತ್ತಿರದ ಬೆರ್ನೌನಲ್ಲಿ ಕಾರ್ಮಿಕ ಸಂಘಗಳ ಶಾಲೆ ಕಟ್ಟುವಾಗ ಸಭಾಂಗಣದಲ್ಲಿ ದನಿ ಮಾರ್ದನಿಸುವ ತೊಂದರೆ ಬಂತು. ಆನಿ ಆಲ್ಬರ್ಸ್ ಒಂದು ಗೋಡೆಬಟ್ಟೆ ನೇಯ್ದಳು. ಒಂದು ಮೈ ದನಿಯನ್ನು ಹೀರುತ್ತದೆ. ಇನ್ನೊಂದು ಮೈಯಲ್ಲಿ ಸೆಲೊಫೇನ್ ಎಳೆ ಇರುವುದರಿಂದ ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಬಟ್ಟೆಯೊಂದು ಕಟ್ಟಡದ ಅಂಗವೇ ಆಗಿಬಿಟ್ಟಿತು. ಇದಕ್ಕಾಗಿ ಅವಳಿಗೆ 1930ರಲ್ಲಿ ಡಿಪ್ಲೊಮಾ ಸಿಕ್ಕಿತು. ಮಾರ್ಗರೇಥಾ ರೈಖಾರ್ಡ್ಟ್, ಗಂಜಿ ಮೇಣ ಹಚ್ಚಿ ಹೊಳಪು ಬರಿಸಿದ ಹತ್ತಿಯ ‘ಕಬ್ಬಿಣದ ನೂಲ’ನ್ನು ಇನ್ನೂ ಗಟ್ಟಿಗೊಳಿಸಿದಳು. ಬ್ರಾಯರ್‌ನ ಉಕ್ಕಿನ ಕೊಳವೆಯ ಕುರ್ಚಿಗಳಲ್ಲಿ ಕೂರುವವರ ಭಾರ ಹೊತ್ತದ್ದು ಅಂಥ ನೂಲಿನ ಪಟ್ಟಿ. ಕುರ್ಚಿಯ ಚಿತ್ರ ಎಲ್ಲ ಪುಸ್ತಕಗಳಲ್ಲೂ ಇದೆ, ನೇಯ್ದವಳ ಹೆಸರು ಹುಡುಕಿ ತೆಗೆಯಬೇಕು. ಹಾಲೆಂಡಿನ ಕಿಟ್ಟಿ ವಾನ್ ಡೆರ್ ಮೇಯ್ಲ್ ಡೆಕ್ಕರ್ 1930ರ ದಶಕದಲ್ಲಿ ಅಡುಗೆಮನೆಯ ಪಾತ್ರೆ ಒರೆಸುವ ಬಟ್ಟೆಗೆ ಮಾಡಿದ ವಿನ್ಯಾಸವನ್ನು ಟಿಲ್ಬರ್ಗ್ ಊರಿನ ಜವಳಿ ವಸ್ತುಸಂಗ್ರಹಾಲಯ ನಮ್ಮ ಕಾಲದಲ್ಲೂ ನೇಯ್ದು ಮಾರಿದೆ.

ಓಟ್ಟಿ ಬೆರ್ಗರ್ ಹೆಸರನ್ನು ಹೇಳದೆ ಮುಂದೆ ಹೋಗಲಾರೆ. ಇಂದಿನ ಕ್ರೊಯೇಷಿಯಾದಲ್ಲಿರುವ ಜ್ಮಾಯೆವಾಟ್ಸ್‌ನಲ್ಲಿ 1898ರಲ್ಲಿ ಹುಟ್ಟಿದವಳು. ಕಿವಿ ಮಂದ. ಬಟ್ಟೆಯನ್ನು ಕಣ್ಣಿಗಿಂತ ಮೊದಲು ಕೈ ತಿಳಿಯಬೇಕು ಎಂದು ನಂಬಿದವಳು, ಹಾಗೆಯೇ ಬರೆದವಳು. ಗುಂಟಾ ಹೋದ ಮೇಲೆ ಕೆಲಕಾಲ ಕಾರ್ಯಶಾಲೆಯನ್ನು ನಡೆಸಿದಳು. ತಾನು ಕಂಡುಹಿಡಿದ ಬಟ್ಟೆಗೆ ತನ್ನ ಹೆಸರಲ್ಲಿ ಪೇಟೆಂಟ್ ಪಡೆದಳು, ಆ ಕಾಲದ ನೇಯ್ಗೆಯಲ್ಲಿ ಅದು ಅಪರೂಪ. ಯೆಹೂದಿ ಎಂಬ ಕಾರಣಕ್ಕೆ ಅವಳನ್ನು ನಾಜಿಗಳು 1944ರಲ್ಲಿ ಆಶ್ವಿಟ್ಸ್ ಶಿಬಿರದಲ್ಲಿ ಕೊಂದರು.

ಗುಂಟಾಳ ಬದುಕಿಗೂ ಅದೇ ಕಾಲ ಕಲ್ಲೆಸೆಯಿತು. 1929ರಲ್ಲಿ ಅವಳು ಶಾಲೆಯ ವಾಸ್ತುಶಿಲ್ಪ ವಿದ್ಯಾರ್ಥಿ ಆರಿಯೇ ಶರೋನ್‌ನನ್ನು ಮದುವೆಯಾದಳು. ಅವನು ಪ್ಯಾಲೆಸ್ತೀನ್‌ನಿಂದ ಬಂದ ಯೆಹೂದಿ, ಮುಂದೆ ಇಸ್ರೇಲಿನ ದೊಡ್ಡ ವಾಸ್ತುಶಿಲ್ಪಿಗಳಲ್ಲಿ ಒಬ್ಬನಾದ. ಮದುವೆಯಾದದ್ದಕ್ಕೆ ಗುಂಟಾ ಜರ್ಮನ್ ಪೌರತ್ವ ಕಳೆದುಕೊಂಡಳು. ಅದೇ ವರ್ಷ ಮಗಳು ಯಾಯೆಲ್ ಹುಟ್ಟಿದಳು. ಕೈಗೂಸನ್ನು ಇಟ್ಟುಕೊಂಡೇ ಕಾರ್ಯಶಾಲೆ ನಡೆಸಿದಳು. ಊರಲ್ಲಿ ನಾಜಿಗಳ ಬಲ ಏರುತ್ತಿತ್ತು, ಶಾಲೆಯೊಳಗೂ ಅವಳ ವಿರುದ್ಧ ಪಿತೂರಿ ಎದ್ದಿತು. ಅವಳ ಬಾಗಿಲ ಮೇಲೆ ಯಾರೋ ನಾಜಿಗಳ ಸ್ವಸ್ತಿಕ ಬರೆದುಹೋದರು. 1931ರಲ್ಲಿ ಶಾಲೆ ಬಿಡಬೇಕಾಯಿತು. ಆಗ ವಿದ್ಯಾರ್ಥಿಗಳು ಬೌಹೌಸ್ ಪತ್ರಿಕೆಯ ಒಂದು ಸಂಚಿಕೆಯನ್ನು ಅವಳಿಗೆ ಅರ್ಪಿಸಿದರು. ತಾನು ಕಟ್ಟಿದ ನೇಯ್ಗೆ ಶಾಲೆ ಹೇಗೆ ಬೆಳೆಯಿತು ಎಂದು ಅವಳೇ ಅದರಲ್ಲಿ ಬರೆದಳು. ಆ ಬರಹದಲ್ಲಿ ತನ್ನ ನೋವನ್ನು ತೋಡಿಕೊಂಡಿಲ್ಲ. ಎಳೆ, ಕಟ್ಟು, ಬಳಕೆ, ಇದೇ ಮಾತು.

ಜ್ಯೂರಿಕ್‌ಗೆ ಹೋದಳು. ಹಳೆಯ ವಿದ್ಯಾರ್ಥಿಗಳಾದ ಗೆರ್ಟ್ರೂಡ್ ಪ್ರೈಸ್ವೆರ್ಕ್, ಹೈನ್ರಿಖ್ ಓಟ್ಟೋ ಹ್ಯೂರ್ಲಿಮನ್ ಜೊತೆ ಕೈಮಗ್ಗದ ಸಂಸ್ಥೆ ತೆರೆದಳು. ಮೂವರ ಮನೆತನದ ಹೆಸರಿನ ಮೊದಲ ಅಕ್ಷರಗಳೇ ಅದರ ಹೆಸರು, ಎಸ್-ಪಿ-ಎಚ್. ಕೆಲಸ ಸಿಗುವುದು ಕಷ್ಟ, ದುಡ್ಡಿನ ಮುಗ್ಗಟ್ಟು, ಇರಲು ಪರವಾನಗಿಯ ತಾಪತ್ರಯ. 1933ರಲ್ಲಿ ಅದು ಮುಚ್ಚಿತು, ಆಮೇಲೆ ಹ್ಯೂರ್ಲಿಮನ್ ಜೊತೆ ಇನ್ನೊಂದು, ಅದೂ ಉಳಿಯಲಿಲ್ಲ. 1937ರಲ್ಲಿ ಒಬ್ಬಳೇ ‘ಫ್ಲೋರಾ’ ಎಂಬ ಕೈಮಗ್ಗದ ಕಾರ್ಯಶಾಲೆ ನಡೆಸತೊಡಗಿದಳು. ಪರದೆ, ಹೊದಿಕೆ, ಕೋಟಿನ ಬಟ್ಟೆ, ನೆಲಹಾಸು. ಶರೋನ್‌ನೊಂದಿಗಿನ ಮದುವೆ 1936ರಲ್ಲೇ ಮುರಿದಿತ್ತು. 1942ರಲ್ಲಿ ಸ್ವಿಸ್ ಪತ್ರಕರ್ತ ವಿಲ್ಲಿ ಶ್ಟಾಡ್ಲರ್ ಅವರನ್ನು ವರಿಸಿದಳು, ಮರುವರ್ಷ ಎರಡನೆಯ ಮಗಳು ಮೋನಿಕಾ ಹುಟ್ಟಿದಳು. ಫ್ಲೋರಾ ಮೂವತ್ತು ವರ್ಷ ನಡೆಯಿತು. ಮೀಟರುಗಟ್ಟಲೆ ಬಟ್ಟೆ ಜನರ ಮನೆ ಸೇರಿ, ಹಳೆಯದಾಗಿ, ಹರಿದುಹೋಗಿರುತ್ತದೆ. ಬಳಸಲೆಂದು ನೇಯ್ದ ಬಟ್ಟೆಯ ಪಾಡು ಅದೇ, ನಮ್ಮ ಆಯಿ ಕಂಡಿಕೆ ಸುತ್ತಿದ ಸೀರೆಗಳದೂ ಅದೇ.

1967ರಲ್ಲಿ ಫ್ಲೋರಾ ಮುಚ್ಚಿದಾಗ ಗುಂಟಾಳಿಗೆ ಎಪ್ಪತ್ತು ವರ್ಷ. ಮಗ್ಗ ಬಿಡಲಿಲ್ಲ. ಗಿರಾಕಿ ಇಲ್ಲ, ಅಳತೆಯ ಹಂಗಿಲ್ಲ, ಕಲಿಸಬೇಕಾದವರೂ ಎದುರಿಗಿಲ್ಲ. ವೈಮರ್‌ನಲ್ಲಿ ಇಪ್ಪತ್ತರ ಹರೆಯದಲ್ಲಿ ಗೋಡೆಗೆಂದು ನೇಯುತ್ತಿದ್ದ ಚಿತ್ರನೇಯ್ಗೆಗೇ ಮರಳಿದಳು. 1983ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳ ಕೆಲಸ ಅದು, ಎಳೆಯನ್ನು ಬೆರಳಲ್ಲಿ ಹಿಡಿದು, ಗಡಿಯವರೆಗೆ ಒಯ್ದು, ಹಿಂದಕ್ಕೆ ತರುವುದು.